ಕಂಪ್ಯೂಟರ್ ಸೈನ್ಸ್ ಸೀಟು: ಸಿಕ್ಕಿದ ಕಾಲೇಜುಗಳಲ್ಲಿ ಯಾವುದು?

ಕರ್ನಾಟಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೀಟು ಒಂದೇ ಬಾಗಿಲಿನಿಂದ ಸಿಗುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ನಡೆಸುವ ಸಿಇಟಿ ಮೊದಲನೆಯ ದಾರಿ. ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್–ಕೆ ಎರಡನೆಯದು. ಜೆಇಇ ಬರೆದವರಿಗೆ ಐಐಟಿ, ಎನ್‌ಐಟಿ, ಐಐಐಟಿಗಳ ಸೀಟುಗಳನ್ನು ಒಟ್ಟಾಗಿ ಹಂಚುವ ಜೋಸಾ ಇದೆ. ಪಿಇಎಸ್, ಮಣಿಪಾಲದಂಥ ವಿಶ್ವವಿದ್ಯಾಲಯಗಳು ತಮ್ಮದೇ ಪ್ರವೇಶ ಪರೀಕ್ಷೆ ನಡೆಸುತ್ತವೆ. ಇದ್ಯಾವುದೂ ಕೈಹಿಡಿಯದಿದ್ದರೆ, ಎಷ್ಟೋ ಸಲ ಹಿಡಿಯುವ ಮೊದಲೇ, ಮ್ಯಾನೇಜ್‌ಮೆಂಟ್ ಸೀಟಿನ ಮಾತು ಮನೆಯೊಳಗೆ ಬಂದಿರುತ್ತದೆ. ಇವುಗಳ ವೇಳಾಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಖಾಸಗಿ ವಿಶ್ವವಿದ್ಯಾಲಯವೊಂದು ಏಪ್ರಿಲ್ ಕೊನೆಯಲ್ಲೇ ‘ವಾರದೊಳಗೆ ಮೊದಲ ಕಂತು ಕಟ್ಟಿ’ ಎನ್ನುತ್ತದೆ. ಸಿಇಟಿಯ ಸೀಟು ಹಂಚಿಕೆ ಶುರುವಾಗುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ. ಸಿಕ್ಕಿದ್ದನ್ನು ಬಿಡಲು ಭಯ, ಸಿಗಬಹುದಾದದ್ದರ ಮೇಲೆ ಆಸೆ. ಕಾಲೇಜಿನ ಆಯ್ಕೆ ಎಂಬುದು ಹೆಚ್ಚಿನ ಮನೆಗಳಲ್ಲಿ ಈ ಎರಡರ ನಡುವೆ, ಅವಸರದಲ್ಲಿ, ನೆಂಟರೊಬ್ಬರ ಮಾತು ಕೇಳಿ ಮುಗಿದುಹೋಗುತ್ತದೆ.

ಬಾಗಿಲು ಬೇರೆಯಾದರೆ ಬೆಲೆಯೂ ಬೇರೆ. ಖಾಸಗಿ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಾಮಾನ್ಯವಾಗಿ ನೂರರಲ್ಲಿ 45 ಸೀಟು ಸರ್ಕಾರದ ಪಾಲು, 30 ಕಾಮೆಡ್–ಕೆ ಪಾಲು, ಉಳಿದ 25 ಆಡಳಿತ ಮಂಡಳಿಯದು. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಲೆಕ್ಕ ಸ್ವಲ್ಪ ಬದಲು. ಸರ್ಕಾರಿ ಕೋಟಾದ ಶುಲ್ಕ ವರ್ಷಕ್ಕೆ ಲಕ್ಷದ ಆಸುಪಾಸು, ಕಾಮೆಡ್–ಕೆ ಸೀಟಿನದು ಎರಡರಿಂದ ಮೂರು ಲಕ್ಷ, ಮ್ಯಾನೇಜ್‌ಮೆಂಟ್ ಸೀಟಿನದು ಕಾಲೇಜಿನ ಹೆಸರಿಗೆ ತಕ್ಕಷ್ಟು. ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುವ ಮೂವರು ಮೂರು ಬಗೆಯ ಹಣ ತೆತ್ತಿರುತ್ತಾರೆ. ಕೈಗೆ ಬರುವ ಪದವಿ ಪತ್ರ ಮಾತ್ರ ಒಂದೇ. ಕಾಲೇಜು ಕಾಲೇಜುಗಳನ್ನು ಹೋಲಿಸುವಾಗ ಈ ಸಂಗತಿ ಮರೆತರೆ ಲೆಕ್ಕವೇ ತಪ್ಪುತ್ತದೆ. ‘ಆ ಕಾಲೇಜು ಚೆನ್ನಾಗಿದೆಯೇ’ ಎಂಬ ಪ್ರಶ್ನೆಗಿಂತ ‘ಆ ಕಾಲೇಜು ಈ ಬೆಲೆಗೆ ಚೆನ್ನಾಗಿದೆಯೇ’ ಎಂಬುದೇ ಕೇಳಬೇಕಾದ ಪ್ರಶ್ನೆ.

ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕ, ಪ್ರವೇಶ ಪರೀಕ್ಷೆಯ ಅಂಕಗಳಿಗೆ ಅರ್ಧ ತೂಕ. ಕಾಮೆಡ್–ಕೆಯಲ್ಲಿ ಪರೀಕ್ಷೆಯ ಅಂಕವಷ್ಟೇ ಲೆಕ್ಕಕ್ಕೆ ಬರುತ್ತದೆ, ಜೊತೆಗೆ ದೇಶದ ಎಲ್ಲ ರಾಜ್ಯಗಳವರೂ ಸ್ಪರ್ಧೆಯಲ್ಲಿರುತ್ತಾರೆ. ಹಾಗಾಗಿ ಒಬ್ಬರೇ ವಿದ್ಯಾರ್ಥಿಗೆ ಎರಡು ಪಟ್ಟಿಗಳಲ್ಲಿ ತೀರ ದೂರದ ರ‍್ಯಾಂಕ್‌ಗಳು ಬರುವುದು ಸಹಜ. ಹಿಂದಿನ ವರ್ಷದ ಕಟಾಫ್ ನೋಡುವಾಗಲೂ ಜಿಎಂ ಎಂಬ ಸಾಮಾನ್ಯ ವರ್ಗದ ಒಂದೇ ಅಂಕಣ ನೋಡಿ ಕೈಬಿಡುವವರು ಹಲವರು. ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಬೇರೆ ಅಂಕಣಗಳಿವೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ 8 ಸೀಟುಗಳು ಮೀಸಲು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಸೀಟುಗಳೂ ಇವೆ. ಪ್ರತಿ ಬ್ರಾಂಚಿನಲ್ಲಿ ಮಂಜೂರಾದ ಸೀಟುಗಳ ಮೇಲೆ ನೂರಕ್ಕೆ ಐದರಂತೆ ಇವನ್ನು ಕೊಡಲಾಗುತ್ತದೆ, ಬೋಧನಾ ಶುಲ್ಕವಿಲ್ಲ. ಒಳ್ಳೆಯ ಕಾಲೇಜೊಂದು ಕೈಗೆಟುಕುವಂತಾಗಲು ಈ ಒಂದು ಅಂಕಣ ಸಾಕಾಗುವುದುಂಟು.

ಇಷ್ಟೆಲ್ಲ ಆದ ಮೇಲೆ ಎರಡು ಮೂರು ಕಾಲೇಜುಗಳು ಎದುರಿಗೆ ನಿಲ್ಲುತ್ತವೆ. ಅವುಗಳಲ್ಲಿ ಒಂದನ್ನು ಆರಿಸಲು ನೆರವಾಗುವ ಅಳತೆಗೋಲು ಒಂದಿದೆ: ಆ ಕಾಲೇಜಿನ ಆ ತರಗತಿಯಲ್ಲಿ ನಡುವಿನ ವಿದ್ಯಾರ್ಥಿ ಏನಾಗುತ್ತಾನೆ? ಮೊದಲ ಹತ್ತು ಸ್ಥಾನದವರು ಎಲ್ಲಿದ್ದರೂ ದಾರಿ ಮಾಡಿಕೊಳ್ಳುತ್ತಾರೆ. ಫ್ಲೆಕ್ಸ್‌ಗಳಲ್ಲಿ ಮುಖ ಕಾಣುವುದು ಅವರದೇ. ನೂರೆಂಬತ್ತು ಮಂದಿಯಲ್ಲಿ ತೊಂಬತ್ತನೆಯವಳಿಗೆ ಪಾಠ ಅರ್ಥವಾಗುತ್ತದೆಯೇ, ಆಕೆಗೆ ಕೆಲಸ ಸಿಗುತ್ತದೆಯೇ, ಎಷ್ಟು ಸಂಬಳದ್ದು ಎಂಬುದೇ ಕಾಲೇಜಿನ ನಿಜವಾದ ಗುಣ. ಬ್ರಾಂಚು, ಬೋಧನೆ, ಪ್ಲೇಸ್‌ಮೆಂಟ್, ಹಣ, ಊರು ಎಲ್ಲವನ್ನೂ ಈ ನಡುವಿನವಳ ಕಣ್ಣಿನಿಂದ ನೋಡಿದರೆ ಜಾಹೀರಾತಿನ ಬಣ್ಣ ಬಹುಪಾಲು ಇಳಿದುಹೋಗುತ್ತದೆ.

ಬ್ರಾಂಚಿನ ಹೆಸರುಗಳು

ಹಿಂದೆ ಕಂಪ್ಯೂಟರ್ ಸೈನ್ಸ್ ಮತ್ತು ಇನ್ಫರ್ಮೇಷನ್ ಸೈನ್ಸ್ ಎಂಬ ಎರಡೇ ಹೆಸರುಗಳಿದ್ದವು. ಈಗ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಮತ್ತು ಮಷೀನ್ ಲರ್ನಿಂಗ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಇಂಟರ್‌ನೆಟ್ ಆಫ್ ಥಿಂಗ್ಸ್, ಕಂಪ್ಯೂಟರ್ ಸೈನ್ಸ್ ಮತ್ತು ಬಿಸಿನೆಸ್ ಸಿಸ್ಟಮ್ಸ್ ಎಂದು ಪಟ್ಟಿ ಬೆಳೆದಿದೆ. ಹೆಸರುಗಳಲ್ಲಿ ಕಾಣುವಷ್ಟು ದೂರ ಪಠ್ಯದಲ್ಲಿಲ್ಲ. ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್, ಕಂಪ್ಯೂಟರ್ ಆರ್ಗನೈಸೇಷನ್, ಡಿಸ್ಕ್ರೀಟ್ ಗಣಿತ ಇವೇ ಈ ವಿದ್ಯೆಯ ಅಡಿಪಾಯ. ಕೆಲಸದ ಸಂದರ್ಶನದಲ್ಲಿ ಕೇಳುವುದೂ ಬಹುಮಟ್ಟಿಗೆ ಇವನ್ನೇ. ಇನ್ಫರ್ಮೇಷನ್ ಸೈನ್ಸ್‌ನಲ್ಲಿ ಇವೆಲ್ಲ ಹೆಚ್ಚುಕಡಿಮೆ ಹಾಗೆಯೇ ಇವೆ. ಕಂಪ್ಯೂಟರ್ ಸೈನ್ಸ್ ಸಿಗದೆ ಅದೇ ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಸಿಕ್ಕರೆ ಕಳೆದುಕೊಂಡದ್ದೇನೂ ಇಲ್ಲ ಎನ್ನಬಹುದು.

ಹೊಸ ಬ್ರಾಂಚುಗಳ ವಿಷಯದಲ್ಲಿ ಒಂದು ಕೆಲಸ ಮಾಡಲೇಬೇಕು. ಕಾಲೇಜಿನ ವೆಬ್‌ಸೈಟಿನಿಂದ ಮೂರರಿಂದ ಆರನೆಯ ಸೆಮಿಸ್ಟರ್‌ವರೆಗಿನ ಪಠ್ಯಕ್ರಮ ಇಳಿಸಿಕೊಂಡು, ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಪಠ್ಯಕ್ರಮದ ಪಕ್ಕದಲ್ಲಿಟ್ಟು ನೋಡಬೇಕು. ಕೆಲವೆಡೆ ಅಡಿಪಾಯದ ವಿಷಯಗಳನ್ನೆಲ್ಲ ಉಳಿಸಿಕೊಂಡು ಕೊನೆಯ ವರ್ಷಗಳ ಐಚ್ಛಿಕ ವಿಷಯಗಳನ್ನಷ್ಟೇ ಬದಲಿಸಿರುತ್ತಾರೆ. ಅಂಥ ಬ್ರಾಂಚಿಗೆ ಹೆದರಬೇಕಾಗಿಲ್ಲ. ಕೆಲವೆಡೆ ಆಪರೇಟಿಂಗ್ ಸಿಸ್ಟಮ್ ಅಥವಾ ನೆಟ್‌ವರ್ಕ್ ತೆಗೆದು ಯಾವುದೋ ಟೂಲಿನ ಪರಿಚಯದ ಪಾಠ ತುರುಕಿರುತ್ತಾರೆ. ಟೂಲುಗಳು ಮೂರು ವರ್ಷಕ್ಕೆ ಹಳತಾಗುತ್ತವೆ. ಎಂಎಲ್ ಬ್ರಾಂಚಿನಲ್ಲಿ ಸಂಖ್ಯಾಶಾಸ್ತ್ರ, ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ ಗಟ್ಟಿಯಾಗಿ ಇಲ್ಲದಿದ್ದರೆ ಆ ಹೆಸರು ಬರೀ ಬೋರ್ಡಿನ ಮೇಲಿನದು. ಎಂ.ಟೆಕ್‌ಗೆ ದಾರಿಯಾಗುವ ಗೇಟ್ ಪರೀಕ್ಷೆಯಲ್ಲಿ ಕಂಪ್ಯೂಟರ್ ಸೈನ್ಸ್ ಪತ್ರಿಕೆಯ ಜೊತೆಗೆ ಡೇಟಾ ಸೈನ್ಸ್ ಮತ್ತು ಎಐ ಎಂಬ ಬೇರೆ ಪತ್ರಿಕೆ 2024ರಿಂದ ಶುರುವಾಗಿದೆ. ಅದರ ಪಠ್ಯದ ಮೊದಲ ಭಾಗಗಳೂ ಸಂಭವನೀಯತೆ ಮತ್ತು ಲೀನಿಯರ್ ಆಲ್ಜೀಬ್ರಾವೇ. ಸರ್ಕಾರಿ ಕೆಲಸದ ಆಸೆಯಿದ್ದವರು ಇನ್ನೊಂದನ್ನೂ ಗಮನಿಸಬೇಕು: ನೇಮಕಾತಿ ಅಧಿಸೂಚನೆಗಳಲ್ಲಿ ಪದವಿಯ ಹೆಸರನ್ನು ಅಕ್ಷರಶಃ ನೋಡುವ ರೂಢಿಯಿದೆ. ಹೊಸ ಹೆಸರಿನ ಪದವಿಗೆ ‘ತತ್ಸಮಾನ’ ಎಂದು ಸಾಬೀತು ಮಾಡುವ ಹೊಣೆ ಅಭ್ಯರ್ಥಿಯ ಮೇಲೆ ಬೀಳಬಹುದು.

ದೊಡ್ಡ ಕಾಲೇಜಿನ ಎಲೆಕ್ಟ್ರಾನಿಕ್ಸೋ ಸಾಮಾನ್ಯ ಕಾಲೇಜಿನ ಕಂಪ್ಯೂಟರ್ ಸೈನ್ಸೋ ಎಂಬುದು ಇನ್ನೊಂದು ಹಳೆಯ ಜಗಳ. ಸುರತ್ಕಲ್‌ನ ಎನ್‌ಐಟಿಕೆಯಲ್ಲೋ ಬೆಂಗಳೂರಿನ ಆರ್‌ವಿ ಕಾಲೇಜಿನಲ್ಲೋ ಎಲೆಕ್ಟ್ರಾನಿಕ್ಸ್ ಸಿಕ್ಕರೆ ಸಾಫ್ಟ್‌ವೇರ್ ಕಂಪನಿಗಳ ಬಾಗಿಲು ಮುಚ್ಚುವುದಿಲ್ಲ. ಅಲ್ಲಿಗೆ ಬರುವ ಅನೇಕ ಕಂಪನಿಗಳು ಎಲೆಕ್ಟ್ರಾನಿಕ್ಸ್‌ನವರಿಗೂ ಪರೀಕ್ಷೆ ಬರೆಯಲು ಬಿಡುತ್ತವೆ. ಚಿಪ್ ವಿನ್ಯಾಸದ ಕಂಪನಿಗಳು ಬೆಂಗಳೂರಿನಲ್ಲೇ ದಟ್ಟವಾಗಿರುವುದರಿಂದ ಆ ಬ್ರಾಂಚಿಗೆ ಅದರದ್ದೇ ಭವಿಷ್ಯವೂ ಇದೆ. ಆದರೆ ಸರ್ಕಿಟ್ ಕಂಡರೆ ಆಗದವರು ಕಾಲೇಜಿನ ಹೆಸರಿಗಾಗಿ ಅದನ್ನು ತೆಗೆದುಕೊಂಡರೆ ನಾಲ್ಕು ವರ್ಷ ಸಿಗ್ನಲ್ ಪ್ರೊಸೆಸಿಂಗ್, ಆ್ಯಂಟೆನಾಗಳ ಜೊತೆ ಏಗುತ್ತ, ರಾತ್ರಿ ಹೊತ್ತು ಕೋಡಿಂಗ್ ಕಲಿಯಬೇಕಾಗುತ್ತದೆ. ಸಾಧ್ಯವಿಲ್ಲವೆಂದಲ್ಲ, ಎಲ್ಲರ ಕೈಲಾಗುವುದಿಲ್ಲ. ಮೊದಲ ವರ್ಷ ಮುಗಿದ ಮೇಲೆ ಬ್ರಾಂಚು ಬದಲಿಸಿಕೊಳ್ಳಬಹುದು ಎಂಬ ಭರವಸೆಯ ಮೇಲೆ ಸೀಟು ಹಿಡಿಯುವುದಂತೂ ಜೂಜು. ಕಂಪ್ಯೂಟರ್ ಸೈನ್ಸ್‌ನಲ್ಲಿ ಖಾಲಿ ಸೀಟು ಇದ್ದರಲ್ಲವೇ ಬದಲಾವಣೆ?

ಪಾಠ ಮಾಡುವವರು ಯಾರು

ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ನಿಯಮದಂತೆ ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕು. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂದು ಹಾಕಿದ್ದ ಮಿತಿಯನ್ನು ಅದೇ ಎಐಸಿಟಿಇ 2024–25ರಿಂದ ಸುಸ್ಥಿತಿಯಲ್ಲಿರುವ ಸಂಸ್ಥೆಗಳಿಗೆ ಸಡಿಲಿಸಿತು. ಬೇಡಿಕೆ ಇರುವುದು ಕಂಪ್ಯೂಟರ್ ಸೈನ್ಸಿಗೆ. ಹೆಚ್ಚಿದ್ದೂ ಅವೇ ಸೀಟುಗಳು. ಸೀಟು ಹೆಚ್ಚಿಸಲು ಒಂದು ಆದೇಶ ಸಾಕು, ಅಧ್ಯಾಪಕರನ್ನು ಹುಡುಕಲು ವರ್ಷಗಳೇ ಬೇಕು. ವರ್ಷಕ್ಕೆ 180 ಮಂದಿ ಸೇರುವ ವಿಭಾಗದಲ್ಲಿ ನಾಲ್ಕು ವರ್ಷದವರು ಸೇರಿ 720 ಮಂದಿ. ನಿಯಮದ ಪ್ರಕಾರ 36 ಅಧ್ಯಾಪಕರು ಬೇಕು. 600 ಮಂದಿ ಸೇರುವಲ್ಲಿ 120 ಅಧ್ಯಾಪಕರು. ಈ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡಬಹುದು, ಏಕೆಂದರೆ ಪ್ರತಿ ಕಾಲೇಜೂ ತನ್ನ ಅಧ್ಯಾಪಕರ ಪಟ್ಟಿಯನ್ನು ಪ್ರಕಟಿಸಬೇಕು. ಪಟ್ಟಿಯಲ್ಲಿ ಎಷ್ಟು ಹೆಸರಿದೆ ಎನ್ನುವುದರ ಜೊತೆಗೆ ಅವರು ಸೇರಿದ ದಿನಾಂಕವನ್ನೂ ನೋಡಬೇಕು. ಮುಕ್ಕಾಲು ಪಾಲು ಜನ ಕಳೆದ ಒಂದೂವರೆ ವರ್ಷದಲ್ಲಿ ಸೇರಿದವರಾದರೆ ಅಲ್ಲಿ ಅಧ್ಯಾಪಕರು ನಿಲ್ಲುತ್ತಿಲ್ಲ ಎಂದೇ ಅರ್ಥ. ಚುರುಕಾದ ವಿದ್ಯಾರ್ಥಿ ಯೂಟ್ಯೂಬ್ ನೋಡಿ ಕಲಿತಾನು. ನಡುವಿನವಳಿಗೆ ತರಗತಿಯೇ ಗತಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮೊದಲ ಎರಡು ಸೆಮಿಸ್ಟರುಗಳಲ್ಲಿ ಇಂಗ್ಲಿಷು ಮತ್ತು ಹೊಸ ಗಣಿತ ಎರಡೂ ಒಟ್ಟಿಗೆ ಮೇಲೆ ಬಿದ್ದಾಗ, ಸಂಜೆ ಸ್ಟಾಫ್ ರೂಮಿಗೆ ಹೋಗಿ ಅನುಮಾನ ಕೇಳಬಹುದಾದ ಸಣ್ಣ ಕಾಲೇಜು ಹೆಸರುವಾಸಿ ಕಾಲೇಜಿಗಿಂತ ಹೆಚ್ಚು ಕೊಡಬಹುದು. ಮೊದಲ ವರ್ಷದ ಬ್ಯಾಕ್‌ಲಾಗುಗಳು ಮುಂದೆ ಪ್ಲೇಸ್‌ಮೆಂಟಿನ ಅರ್ಹತೆಗೂ ಅಡ್ಡ ಬರುತ್ತವೆ.

ಮಾನ್ಯತೆಯ ಅಕ್ಷರಗಳು ಗೊಂದಲ ಹುಟ್ಟಿಸುವುದೇ ಹೆಚ್ಚು. ನ್ಯಾಕ್ ಕೊಡುವ ಎ, ಎ ಪ್ಲಸ್‌ಗಳು ಇಡೀ ಸಂಸ್ಥೆಗೆ ಸೇರಿದವು. ಎನ್‌ಬಿಎ ಮಾನ್ಯತೆ ಪ್ರತಿ ಬ್ರಾಂಚಿಗೂ ಬೇರೆ ಬೇರೆ. ಆದ್ದರಿಂದ ‘ಎನ್‌ಬಿಎ ಮಾನ್ಯತೆ ಪಡೆದ ಕಾಲೇಜು’ ಎಂಬ ಫಲಕ ಕಂಡಾಗ ಯಾವ ಬ್ರಾಂಚಿಗೆ, ಎಲ್ಲಿಯವರೆಗೆ ಎಂದು ಕೇಳಬೇಕು. ಸಿವಿಲ್‌ಗೆ ಸಿಕ್ಕ ಮಾನ್ಯತೆಯಿಂದ ಕಂಪ್ಯೂಟರ್ ಸೈನ್ಸಿಗೆ ಪ್ರಯೋಜನವಿಲ್ಲ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯ ರಾಷ್ಟ್ರವಾಯಿತು. ಆದರೆ ಸ್ವಾಯತ್ತ ಕಾಲೇಜುಗಳಿಗೂ ವಿಶ್ವವಿದ್ಯಾಲಯಗಳಿಗೂ ಕೊಡುವ ಮೊದಲ ದರ್ಜೆಯ ಎನ್‌ಬಿಎ ಮಾನ್ಯತೆಗೆ ಮಾತ್ರ ಅದರ ಮನ್ನಣೆ ಉಂಟು. ಹೊರದೇಶಕ್ಕೆ ಹೋಗುವವರಿಗೆ ಇದು ಮುಖ್ಯ. ಇನ್ನು, ಎರಡು ತಂಡಗಳು ಓದಿ ಹೊರಬರುವವರೆಗೆ ಯಾವ ಬ್ರಾಂಚೂ ಎನ್‌ಬಿಎಗೆ ಅರ್ಜಿ ಹಾಕುವಂತಿಲ್ಲ. ಮೊನ್ನೆ ಮೊನ್ನೆ ಶುರುವಾದ ಬ್ರಾಂಚಿಗೆ ಮಾನ್ಯತೆ ಇಲ್ಲದಿರುವುದು ಆ ಕಾಲೇಜಿನ ದೋಷವಲ್ಲ.

ಕಾಲೇಜು ಸ್ವಾಯತ್ತವಾದರೂ ಸಿಗುವುದು ವಿಟಿಯು ಪದವಿಯೇ, ಪಠ್ಯ ಮತ್ತು ಪ್ರಶ್ನೆಪತ್ರಿಕೆ ಮಾತ್ರ ಕಾಲೇಜಿನವು. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಟಿಯು ರಾಜ್ಯದ ಹೆಚ್ಚಿನ ಕಾಲೇಜುಗಳಿಗೆ ತಾಯಿ ವಿಶ್ವವಿದ್ಯಾಲಯ. ಒಳ್ಳೆಯ ಕಾಲೇಜಿನ ಕೈಯಲ್ಲಿ ಸ್ವಾಯತ್ತತೆ ಪಠ್ಯವನ್ನು ಹೊಸದಾಗಿಡುತ್ತದೆ, ಫಲಿತಾಂಶ ಬೇಗ ಬರುತ್ತದೆ. ಸಾಧಾರಣ ಕಾಲೇಜಿನ ಕೈಯಲ್ಲಿ ಅಂಕಗಳು ಧಾರಾಳವಾಗುತ್ತವೆ, ಕಲಿಕೆ ಅಲ್ಲೇ ಇರುತ್ತದೆ. ಕಾಲೇಜಿನ ವಯಸ್ಸನ್ನೂ ಗಮನಿಸಬೇಕು. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿದ ಯುವಿಸಿಇ ಈಗ ಸ್ವತಃ ಒಂದು ವಿಶ್ವವಿದ್ಯಾಲಯ. 1946ರಲ್ಲಿ ಶುರುವಾದ ಬೆಂಗಳೂರಿನ ಬಿಎಂಎಸ್ ಮತ್ತು ಮೈಸೂರಿನ ಎನ್‌ಐಇ, ಮರುವರ್ಷದ ಹುಬ್ಬಳ್ಳಿಯ ಬಿವಿಬಿ (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) ಇವಕ್ಕೆಲ್ಲ ಹಳೆಯ ವಿದ್ಯಾರ್ಥಿಗಳ ದೊಡ್ಡ ಬಳಗವಿದೆ. ಇಂಟರ್ನ್‌ಶಿಪ್ ಹುಡುಕುವ ದಿನ ಈ ಬಳಗದ ಬೆಲೆ ಗೊತ್ತಾಗುತ್ತದೆ.

ಸಹಪಾಠಿಗಳೂ ಅಧ್ಯಾಪಕರಷ್ಟೇ ಕಲಿಸುತ್ತಾರೆ. ಎನ್‌ಐಟಿಕೆಯ ಆಡಳಿತ, ನೋಂದಣಿ ಮೊದಲಾದ ಕೆಲಸಗಳು ನಡೆಯುವ ‘ಐರಿಸ್’ ಎಂಬ ತಂತ್ರಾಂಶವನ್ನು ಕಟ್ಟಿ ನೋಡಿಕೊಳ್ಳುವವರು ಅಲ್ಲಿನ ವಿದ್ಯಾರ್ಥಿಗಳೇ. ಸೀನಿಯರ್‌ಗಳು ಇಂಥ ಕೆಲಸದಲ್ಲಿ ತೊಡಗಿರುವ ಕಡೆ ಜೂನಿಯರ್‌ಗಳು ಕೇಳದೆಯೇ ಕಲಿಯುತ್ತಾರೆ. ಕಾಲೇಜಿಗೆ ಭೇಟಿ ಕೊಟ್ಟಾಗ ಪ್ರಾಂಶುಪಾಲರ ಕೊಠಡಿಗಿಂತ ಕ್ಯಾಂಟೀನಿನಲ್ಲಿ ಮೂರನೆಯ ವರ್ಷದ ಇಬ್ಬರನ್ನು ಮಾತಾಡಿಸುವುದು ಲಾಭ. ಲ್ಯಾಬು ಸಂಜೆ ತೆರೆದಿರುತ್ತದೆಯೇ, ಕಳೆದ ಸೆಮಿಸ್ಟರಿನಲ್ಲಿ ಯಾವ ಪ್ರಾಜೆಕ್ಟ್ ಮಾಡಿದರು, ಹಾಜರಾತಿಗಾಗಿ ಮಾತ್ರ ತರಗತಿಗೆ ಹೋಗುವ ವಿಷಯಗಳೆಷ್ಟು ಎಂದು ಕೇಳಿದರೆ ಸಾಕು. ಅವರು ಮುಚ್ಚಿಡುವುದಿಲ್ಲ.

ಪ್ಯಾಕೇಜಿನ ಅಂಕಿಗಳು

‘ಅತ್ಯಧಿಕ ಪ್ಯಾಕೇಜ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಸಂಖ್ಯೆ ಒಬ್ಬ ವಿದ್ಯಾರ್ಥಿಯದ್ದು. ‘ಸರಾಸರಿ’ಯನ್ನೂ ನಂಬುವಂತಿಲ್ಲ. ಹತ್ತು ಮಂದಿಯ ಒಂದು ತಂಡವನ್ನು ಊಹಿಸಿಕೊಳ್ಳೋಣ: ಒಬ್ಬನಿಗೆ ವರ್ಷಕ್ಕೆ 40 ಲಕ್ಷ, ಇಬ್ಬರಿಗೆ 12 ಲಕ್ಷ, ಉಳಿದ ಏಳು ಮಂದಿಗೆ 4 ಲಕ್ಷ. ಸರಾಸರಿ 9 ಲಕ್ಷ 20 ಸಾವಿರ ಆಗುತ್ತದೆ. ಆ ಸಂಬಳ ಪಡೆದವರು ಆ ತಂಡದಲ್ಲಿ ಒಬ್ಬರೂ ಇಲ್ಲ. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿ ನಡುವಿನವರನ್ನು ನೋಡಿದರೆ 4 ಲಕ್ಷ. ಗಣಿತದ ಪುಸ್ತಕದಲ್ಲಿ ಇದನ್ನು ಮಧ್ಯಾಂಕ ಎನ್ನುತ್ತಾರೆ. ಕಾಲೇಜಿಗೆ ಕೇಳಬೇಕಾದದ್ದು ಈ ಮಧ್ಯಾಂಕವನ್ನು. ಕೆಲಸ ಸಿಗದವರನ್ನು ಲೆಕ್ಕದಿಂದಲೇ ಬಿಟ್ಟಿರುತ್ತಾರೆ ಎಂಬುದನ್ನೂ, ಒಬ್ಬಳಿಗೆ ಎರಡು ಆಫರ್ ಬಂದರೆ ಎರಡೆಂದು ಎಣಿಸುವ ಕಾಲೇಜುಗಳಿವೆ ಎಂಬುದನ್ನೂ ನೆನಪಿಡಬೇಕು. ‘ಆಫರ್ ಎಷ್ಟು’ ಎಂದು ಕೇಳುವ ಬದಲು ‘ಎಷ್ಟು ವಿದ್ಯಾರ್ಥಿಗಳಿಗೆ’ ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಪ್ಯಾಕೇಜ್ ಎಂಬುದರಲ್ಲೂ ಪದರಗಳಿವೆ. ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ಸೇರುವಾಗ ಒಮ್ಮೆ ಮಾತ್ರ ಕೊಡುವ ಬೋನಸ್, ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಬರುವ ಷೇರುಗಳು ಎಲ್ಲವನ್ನೂ ಕೂಡಿ ಒಂದು ಮೊತ್ತ ಹೇಳುತ್ತಾರೆ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಮೂರೂವರೆ ಲಕ್ಷ ಚಿಲ್ಲರೆಯ ಪ್ಯಾಕೇಜಿನಲ್ಲಿ ತಿಂಗಳಿಗೆ ಕೈಗೆ ಸಿಗುವುದು ಸುಮಾರು 25 ಸಾವಿರ ರೂಪಾಯಿ.

ಈ ಅಂಕಿಗಳನ್ನು ಕಾಲೇಜಿನ ಬಾಯಿಂದಲೇ ಕೇಳಬೇಕೆಂದಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ 2016ರಿಂದ ಕಾಲೇಜುಗಳು ತಮ್ಮ ವಿವರ ಸಲ್ಲಿಸುತ್ತಿವೆ. ಆ ದಾಖಲೆಯಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ ಎಷ್ಟು, ಉನ್ನತ ಶಿಕ್ಷಣಕ್ಕೆ ಹೋದವರೆಷ್ಟು ಎಂಬ ಮೂರು ವರ್ಷಗಳ ಲೆಕ್ಕ ಇರುತ್ತದೆ. ಜಾಹೀರಾತಿನಲ್ಲಿ ಕಾಣದ ಸಂಖ್ಯೆ ಇಲ್ಲಿ ಸಿಗುತ್ತದೆ. ಒಂದು ಎಚ್ಚರಿಕೆ: ಇದು ಎಲ್ಲ ಬ್ರಾಂಚುಗಳನ್ನೂ ಸೇರಿಸಿದ ಲೆಕ್ಕ, ಕಂಪ್ಯೂಟರ್ ಸೈನ್ಸಿನ ಮಧ್ಯಾಂಕ ಸಾಮಾನ್ಯವಾಗಿ ಇದಕ್ಕಿಂತ ಮೇಲಿರುತ್ತದೆ. ರ‍್ಯಾಂಕ್‌ಗಿಂತ ಈ ದಾಖಲೆಯೇ ಉಪಯುಕ್ತ. ರ‍್ಯಾಂಕ್‌ನಲ್ಲಿ ಸಂಶೋಧನೆಗೆ ದೊಡ್ಡ ಪಾಲಿದೆ. ಪ್ರಕಟವಾದ ಪ್ರಬಂಧಗಳ ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಎರಡನೆಯ ವರ್ಷದ ಹುಡುಗಿಗೆ ಡೇಟಾ ಸ್ಟ್ರಕ್ಚರ್ ಚೆನ್ನಾಗಿ ಅರ್ಥವಾಗುತ್ತದೆಂದು ಹೇಳಲಾಗದು. ಒಂದೇ ವರ್ಷದ ಅಂಕಿಯನ್ನೂ ನೆಚ್ಚಬಾರದು. ಕೋವಿಡ್ ನಂತರದ 2021–22ರಲ್ಲಿ ಐಟಿ ಕಂಪನಿಗಳು ಮುಗಿಬಿದ್ದು ಜನರನ್ನು ತೆಗೆದುಕೊಂಡವು; 2023, 2024ರಲ್ಲಿ ಕ್ಯಾಂಪಸ್‌ಗಳು ಬಿಕೋ ಎಂದವು. ಈಗ ಸೇರುವವರು ಕೆಲಸ ಹುಡುಕುವುದು ನಾಲ್ಕು ವರ್ಷದ ನಂತರ. ಆಗಿನ ಮಾರುಕಟ್ಟೆ ಹೇಗಿರುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ, ಪ್ಲೇಸ್‌ಮೆಂಟ್ ಅಧಿಕಾರಿಯೂ ಸೇರಿ.

ನಾಲ್ಕು ವರ್ಷದ ಖರ್ಚು

ಶುಲ್ಕವನ್ನು ವರ್ಷದ ಲೆಕ್ಕದಲ್ಲಿ ನೋಡಿದರೆ ಹಗುರವಾಗಿ ಕಾಣುತ್ತದೆ. ನಾಲ್ಕರಿಂದ ಗುಣಿಸಿ, ಹಾಸ್ಟೆಲ್ ಅಥವಾ ಪಿಜಿ, ಊಟ, ಬಸ್ಸು, ಲ್ಯಾಪ್‌ಟಾಪ್ ಸೇರಿಸಿ, ಕಾಲೇಜು ‘ಕೌಶಲ ತರಬೇತಿ’ ಇತ್ಯಾದಿ ಹೆಸರಿನಲ್ಲಿ ಪ್ರತ್ಯೇಕವಾಗಿ ಕೇಳುವ ಹಣವನ್ನೂ ಕೂಡಿಸಿದ ಮೇಲೆಯೇ ಎರಡು ಕಾಲೇಜುಗಳನ್ನು ಹೋಲಿಸಬೇಕು. ಸರ್ಕಾರಿ ಕಾಲೇಜು ಮತ್ತು ಅನುದಾನಿತ ಸೀಟುಗಳ ಶುಲ್ಕ ಬಹಳ ಕಡಿಮೆ. ಕೆಲವು ಹಳೆಯ ಖಾಸಗಿ ಕಾಲೇಜುಗಳಲ್ಲಿ ಅನುದಾನಿತ ಮತ್ತು ಅನುದಾನರಹಿತ ಸೀಟುಗಳೆರಡೂ ಇದ್ದು, ಕೆಇಎ ಪಟ್ಟಿಯಲ್ಲಿ ಅವಕ್ಕೆ ಬೇರೆ ಬೇರೆ ಕೋಡ್ ಇರುತ್ತದೆ. ಕೋಡ್ ನೋಡದೆ ಹೆಸರು ಮಾತ್ರ ನೋಡಿ ಗುರುತು ಹಾಕಿದವರು ಶುಲ್ಕ ಕಟ್ಟುವ ದಿನ ಬೆಚ್ಚಿಬೀಳುತ್ತಾರೆ. ಎನ್‌ಐಟಿಗಳಲ್ಲಿ ಬೋಧನಾ ಶುಲ್ಕ ವರ್ಷಕ್ಕೆ 1.25 ಲಕ್ಷ, ಐಐಟಿಗಳಲ್ಲಿ 2 ಲಕ್ಷ. ಪರಿಶಿಷ್ಟರಿಗೆ ಪೂರ್ತಿ ವಿನಾಯಿತಿ, ಕಡಿಮೆ ಆದಾಯದ ಕುಟುಂಬಗಳಿಗೂ ದೊಡ್ಡ ರಿಯಾಯಿತಿ ಇದೆ.

ಸಾಲದ ಲೆಕ್ಕವನ್ನು ಮೊದಲೇ ಹಾಕುವುದು ಒಳ್ಳೆಯದು. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷ ಒಟ್ಟು 10 ಲಕ್ಷ ಸಾಲ, ಬಡ್ಡಿ ಶೇಕಡ 10 ಎಂದುಕೊಂಡರೆ, ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯೇ ಮೂರೂವರೆ ಲಕ್ಷ ಏರಿರುತ್ತದೆ. 13.5 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ ಕಂತು. ಓದುವಾಗಲೇ ಮನೆಯವರು ಬಡ್ಡಿ ಕಟ್ಟುತ್ತ ಬಂದಿದ್ದರೆ 13,200ರ ಆಸುಪಾಸು. ಕೈಗೆ 25 ಸಾವಿರ ಸಂಬಳ ಬರುವ ಮಗಳು ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿ ಈ ಕಂತನ್ನೂ ಕಟ್ಟುವುದು ಹೇಗೆ? ನಡುವಿನ ವಿದ್ಯಾರ್ಥಿಯ ಸಂಬಳದಲ್ಲಿ ತೀರದ ಸಾಲವನ್ನು ಮೊದಲ ಸ್ಥಾನದವನ ಪ್ಯಾಕೇಜ್ ತೋರಿಸಿ ಮಾಡಿಸುವುದೇ ಈ ವ್ಯವಹಾರದ ದೊಡ್ಡ ಮೋಸ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರು ಅಡಮಾನವಿಲ್ಲದೆ ಸಾಲ ಪಡೆಯಬಹುದು. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ನೆರವು ಪಡೆಯದವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡ 3ರ ಸಹಾಯವೂ ಇದೆ. ಸಿಇಟಿ ಮೂಲಕ ಸೀಟು ಪಡೆದ ಹಿಂದುಳಿದ ವರ್ಗಗಳ, ಅಲ್ಪಸಂಖ್ಯಾತರ ಮಕ್ಕಳಿಗೆ ಆಯಾ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲ ಉಂಟು. ಮ್ಯಾನೇಜ್‌ಮೆಂಟ್ ಸೀಟಿಗೆ ರಸೀದಿಯಿಲ್ಲದ ಹಣ ಕೇಳುವುದು 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ನಾಲ್ಕು ದಶಕ ದಾಟಿದೆ, ‘ಡೊನೇಷನ್’ ಎಂಬ ಮಾತೂ ದಾಟಿದೆ.

ಊರಿನ ವಿಷಯ ಚಿಕ್ಕದು. ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ಪು, ಹ್ಯಾಕಥಾನು, ಕಂಪನಿಗಳ ಭೇಟಿ ಹತ್ತಿರ. ಪಿಜಿ ಬಾಡಿಗೆ ದುಬಾರಿ, ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆದರೆ ಆ ಲಾಭವೂ ಕರಗುತ್ತದೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಹಳೆಯ ಕಾಲೇಜುಗಳಿಗೆ ಕಂಪನಿಗಳು ಬಂದೇ ಬರುತ್ತವೆ. ಸಮಬಲದ ಎರಡು ಕಾಲೇಜುಗಳ ನಡುವೆ ಊರನ್ನು ತೂಗಿದರೆ ಸಾಕು. ಬೆಂಗಳೂರಿನ ಅಂಚಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ನಿನ್ನೆ ಮೊನ್ನೆಯ ಕಾಲೇಜನ್ನು ಮೇಲಕ್ಕಿಡುವುದು ಅರ್ಥವಿಲ್ಲದ್ದು.

ಪಟ್ಟಿ ಮತ್ತು ಛಾಯ್ಸ್

ಸಿಇಟಿ ಸೀಟಿಗಾಗಿ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವ ಆಪ್ಷನ್ ಎಂಟ್ರಿಯ ಬಗ್ಗೆ ಇರುವ ತಪ್ಪು ತಿಳಿವಳಿಕೆಯಿಂದ ಒಳ್ಳೆಯ ಸೀಟುಗಳು ಕೈತಪ್ಪುತ್ತವೆ. ಗಣಕಯಂತ್ರ ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನು ತೆರೆದು, ಮೇಲಿನಿಂದ ಕೆಳಕ್ಕೆ ನೋಡುತ್ತ, ಆ ಅಭ್ಯರ್ಥಿಯ ವರ್ಗದಲ್ಲಿ ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಮೊದಲ ಸ್ಥಾನದಲ್ಲಿ ಎಟುಕದ ಕಾಲೇಜು ಬರೆದರೆ ಎರಡನೆಯದರ ಅವಕಾಶ ಕಡಿಮೆಯಾಗುತ್ತದೆ ಎಂಬುದು ಬರೀ ಭ್ರಮೆ. ಆದ್ದರಿಂದ ನಿಜವಾದ ಇಷ್ಟದ ಕ್ರಮದಲ್ಲೇ ಪಟ್ಟಿ ಬರೆಯಬೇಕು, ಉದ್ದವಾಗಿಯೇ ಬರೆಯಬೇಕು. ಕಟಾಫ್ ನೋಡುವುದು ಪಟ್ಟಿಯ ತಳ ಸಾಕಷ್ಟು ಕೆಳಗಿದೆಯೇ ಎಂದು ಖಚಿತಪಡಿಸಿಕೊಳ್ಳಲು. ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ಮೇಲೆ ಪಟ್ಟಿ ತಿದ್ದಲು ಸಮಯ ಕೊಡುತ್ತಾರೆ. ಅಣಕು ಹಂಚಿಕೆಯಲ್ಲಿ ಸಿಕ್ಕಿದ್ದು ನಿಜವಾಗಿಯೂ ಸಿಗುತ್ತದೆಂಬ ಖಾತರಿಯಿಲ್ಲ, ಏಕೆಂದರೆ ಉಳಿದವರೂ ಆಗ ತಮ್ಮ ಪಟ್ಟಿಗಳನ್ನು ತಿದ್ದುತ್ತಿರುತ್ತಾರೆ.

ಸೀಟು ಸಿಕ್ಕ ಮೇಲೆ ನಾಲ್ಕು ಛಾಯ್ಸ್‌ಗಳು. ಮೊದಲನೆಯದು ಒಪ್ಪಿಕೊಂಡು ಕಾಲೇಜಿಗೆ ಸೇರುವುದು. ಎರಡನೆಯದು ಸೀಟನ್ನು ಉಳಿಸಿಕೊಂಡು ಪಟ್ಟಿಯಲ್ಲಿ ಮೇಲಿರುವುದಕ್ಕೆ ಮುಂದಿನ ಸುತ್ತಿನಲ್ಲಿ ಕಾಯುವುದು. ಮೂರನೆಯದು ಈ ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಇಡೀ ಪ್ರಕ್ರಿಯೆಯಿಂದ ಹೊರಬರುವುದು. ಯಾವ ಸುತ್ತಿನಲ್ಲಿ ಯಾವುದು ಲಭ್ಯ, ಯಾವುದಕ್ಕೆ ಮುಂಗಡ ಹಣ ಕಟ್ಟಬೇಕು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಕೆಇಎ ಸೂಚನೆಯನ್ನೇ ಓದಬೇಕು. ಹೆಚ್ಚು ಜನ ಎಡವುವುದು ಎರಡನೆಯದರಲ್ಲಿ. ಮೇಲಿನ ಆಯ್ಕೆ ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ, ಅದನ್ನು ಮತ್ತೆ ಕೇಳುವಂತಿಲ್ಲ. ಕೈಯಲ್ಲಿರುವ ಇನ್ಫರ್ಮೇಷನ್ ಸೈನ್ಸ್ ಸೀಟಿಗಿಂತ ಮೇಲೆ, ಯಾರೋ ಹೇಳಿದರೆಂದು ಬರೆದಿದ್ದ ದೂರದ ಕಾಲೇಜೊಂದು ಇದ್ದರೆ, ಎರಡನೆಯ ಛಾಯ್ಸ್ ಒತ್ತುವವರು ಮುಂದಿನ ಸುತ್ತಿನ ಹಂಚಿಕೆಗೆ ಮೊದಲು ಅದನ್ನು ಪಟ್ಟಿಯಿಂದ ತೆಗೆಯಬೇಕು. ಕಾಮೆಡ್–ಕೆ ಮತ್ತು ಜೋಸಾಗಳಲ್ಲೂ ಇಂಥವೇ ಆಯ್ಕೆಗಳು ಬೇರೆ ಹೆಸರಿನಲ್ಲಿವೆ; ಜೋಸಾದಲ್ಲಿ ಅದೇ ಸಂಸ್ಥೆಯೊಳಗೆ ಬ್ರಾಂಚನ್ನು ಮಾತ್ರ ಮೇಲೇರಿಸಿಕೊಳ್ಳುವ ‘ಸ್ಲೈಡ್’ ಎಂಬುದೂ ಇದೆ.

ಲಾಗಿನ್ ಪಾಸ್‌ವರ್ಡನ್ನು ಯಾವ ಸಲಹೆಗಾರನಿಗೂ ಕೊಡಬಾರದು. ಅದಕ್ಕೆ ಕಾರಣವಿದೆ. ಸರ್ಕಾರಿ ಕೋಟಾದಲ್ಲಿ ಕೊನೆಗೂ ತುಂಬದ ಸೀಟು ಆಡಳಿತ ಮಂಡಳಿಗೆ ಮರಳುತ್ತದೆ. ಸೇರುವ ಉದ್ದೇಶವಿಲ್ಲದವರ ಲಾಗಿನ್ ಬಳಸಿ ಅವರ ಹೆಸರಿನಲ್ಲಿ ಸೀಟು ಹಿಡಿದಿಟ್ಟು ಆಮೇಲೆ ಬಿಡುವ ದಂಧೆ ಹುಟ್ಟುವುದು ಈ ಬಿರುಕಿನಲ್ಲೇ. 2024ರಲ್ಲಿ ಇಂಥ ಸೀಟ್ ಬ್ಲಾಕಿಂಗ್ ಪ್ರಕರಣ ಪೊಲೀಸ್ ತನಿಖೆಯವರೆಗೆ ಹೋಯಿತು.

ಈ ಸುತ್ತುಗಳಲ್ಲಿ ಬಯಸಿದ್ದು ಸಿಗದವರಿಗೆ ಕಂಪ್ಯೂಟರ್ ವಿದ್ಯೆಯೇ ದೂರವಾಗುವುದಿಲ್ಲ. ಮೂರು ವರ್ಷದ ಬಿಸಿಎ, ಅದರ ಮೇಲೆ ಎರಡು ವರ್ಷದ ಎಂಸಿಎ ಮಾಡಿದವರು ಐಟಿ ಕಂಪನಿಗಳಲ್ಲಿ ಬಿಇ ಓದಿದವರ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದಾರೆ. ಐಐಟಿ ಮದ್ರಾಸ್ 2021ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಬಿಎಸ್ ಪದವಿಗೆ ಜೆಇಇ ಬೇಡ, ಪಾಠಗಳು ಆನ್‌ಲೈನ್. ಎರಡು ಪದವಿಗಳನ್ನು ಒಟ್ಟಿಗೆ ಓದಲು ಯುಜಿಸಿ 2022ರಲ್ಲಿ ಅನುಮತಿ ಕೊಟ್ಟಿರುವುದರಿಂದ ಊರಿನ ಕಾಲೇಜಿನಲ್ಲಿ ಒಂದು ಪದವಿ ಮಾಡುತ್ತಲೇ ಅದನ್ನೂ ಓದಬಹುದು.

ಮೊದಲು ಸಿಕ್ಕಿದ ಕಾಲೇಜಿಗೆ ಹಣ ಕಟ್ಟಿ, ಆಮೇಲೆ ಉತ್ತಮವಾದದ್ದು ಸಿಕ್ಕಾಗ ಬಿಡಲು ಹಿಂಜರಿಯುವವರಿಗಾಗಿ ಒಂದು ನಿಯಮವಿದೆ. ಸೀಟು ರದ್ದತಿಗೆ ಎಐಸಿಟಿಇ ಗೊತ್ತುಪಡಿಸಿದ ಕೊನೆಯ ದಿನಾಂಕದೊಳಗೆ ಸೀಟು ಬಿಟ್ಟರೆ, ಸಂಸ್ಥೆ ಹೆಚ್ಚೆಂದರೆ ಸಾವಿರ ರೂಪಾಯಿ ಹಿಡಿದುಕೊಂಡು ಉಳಿದ ಶುಲ್ಕವನ್ನು ಹಿಂತಿರುಗಿಸಬೇಕು. ಅಂಕಪಟ್ಟಿ, ವರ್ಗಾವಣೆ ಪತ್ರಗಳ ಮೂಲಪ್ರತಿಗಳನ್ನು ಪರಿಶೀಲಿಸಿ ವಾಪಸು ಕೊಡಬೇಕೇ ಹೊರತು ಕಾಲೇಜಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಸೀಟು ಬಿಡುವ ಅರ್ಜಿಯನ್ನು ಬರಹದಲ್ಲೇ ಕೊಟ್ಟು, ದಿನಾಂಕ ಸಹಿತ ಸ್ವೀಕೃತಿ ಪಡೆದು, ಕಟ್ಟಿದ ಹಣದ ರಸೀದಿಯ ಜೊತೆ ಇಟ್ಟುಕೊಂಡಿದ್ದರೆ ಮುಂದೆ ಎಐಸಿಟಿಇಗೆ ದೂರು ಕೊಡಲು ಬೇಕಾದ ದಾಖಲೆ ಅದೇ ಆಗುತ್ತದೆ.